ಕಂಡದ್ದೂ ಕೇಳಿದ್ದೂ: ಕನ್ನಡ ವಾಕ್ಚಿತ್ರಗಳ ವಿಷಯವಾಗಿ ಒಬ್ಬ ಪ್ರೇಕ್ಷಕನ ಬಿನ್ನಹ

ನಮ್ಮ ಸಂಘದ ಹೋದ ತಿಂಗಳಿನ ಕೂಟದಲ್ಲಿ, ಉಪನ್ಯಾಸವು ಮುಗಿದು ಕಾಫಿಯು ಬರುವುದಕ್ಕೆ ಮುಂಚೆ, ಸಿನಿಮಾದ ಮಾತು ಹೇಗೋ ಬಂದಿತು. ಹಿರಿಯ ಸದಸ್ಯರೊಬ್ಬರು, “ಹಿಂದಿನ ಚಿತ್ರಗಳಲ್ಲಿದ್ದ ಭಾಷೆ ಎಲ್ಲಿ, ಅಭಿನಯ ಎಲ್ಲಿ? ಈಗ ಬರುತ್ತಿರುವುದೆಲ್ಲ ಗದ್ದಲವಲ್ಲವೆ ಸ್ವಾಮಿ!” ಎಂದು ಮರುಗಿದರು. ಕಾಲೇಜಿನಲ್ಲಿ ಅಧ್ಯಾಪಕರಾಗಿರುವ ತರುಣ ಮಿತ್ರರೊಬ್ಬರು ಇದಕ್ಕೊಪ್ಪದೆ, “ತಾವು ಹೊಗಳುತ್ತಿರುವ ಹಿಂದಿನ ಚಿತ್ರಗಳು ಕಂಪೆನಿ ನಾಟಕದ ಫೋಟೋಗಳಲ್ಲದೆ ಮತ್ತೇನು?” ಎಂದರು. ಮಾತು ಬೆಳೆಯಿತು. ಎಂಬತ್ತು ದಾಟಿದವನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಮಧ್ಯಸ್ಥನನ್ನಾಗಿ ಮಾಡಿದರು. ನಾನು ಇಬ್ಬರನ್ನೂ ಕೇಳಿದ್ದು ಒಂದೇ ಪ್ರಶ್ನೆ: “ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನ’ವನ್ನು ತಾವು ನೋಡಿದ್ದೀರೋ?” ಹಿರಿಯರು ನೋಡಿರಲಿಲ್ಲ, ತರುಣರೂ ನೋಡಿರಲಿಲ್ಲ. ನಾನಂತೂ ಆ ಚಿತ್ರವು ಬಂದು ಹತ್ತು ವರ್ಷಗಳಾದ ತರುವಾಯ ಹುಟ್ಟಿದವನು. ಇನ್ನು ಮುಂದೆ ಅದನ್ನು ಯಾರೂ ನೋಡುವಂತೆಯೂ ಇಲ್ಲ, ಏಕೆಂದರೆ ಅದರ ಒಂದು ಪ್ರತಿಯೂ ಉಳಿದು ಬಂದಿಲ್ಲ. ನೋಡದ ಚಿತ್ರದ ಮೇಲೆ ಒಬ್ಬರು ಹೊಗಳಿಕೆಯನ್ನೂ ಇನ್ನೊಬ್ಬರು ತೆಗಳಿಕೆಯನ್ನೂ ಕಟ್ಟಿದ್ದರು. ಅಷ್ಟರಲ್ಲಿ ಕಾಫಿಯು ಬಂದುದರಿಂದ ವ್ಯಾಜ್ಯವು ನಿಂತಿತಾದರೂ ಸಂಪಾದಕರು ನನ್ನನ್ನು ಬಿಡಲಿಲ್ಲ. ಈ ಲೇಖನವು ಅವರ ಒತ್ತಾಯದ ಫಲ.

ನಾನು ವಿಮರ್ಶಕನಲ್ಲ. ಸರಕಾರದ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ೧೯೬೨ರಿಂದ ಈಚೆಗೆ, ನೋಡಿದ ಚಿತ್ರಗಳ ಹೆಸರನ್ನು ತಾರೀಕಿನೊಡನೆ ಒಂದು ನೋಟುಪುಸ್ತಕದಲ್ಲಿ ಬರೆದು, ಕೆಳಗೆ ಎರಡು ಸಾಲು ಅಭಿಪ್ರಾಯವನ್ನು ಸೇರಿಸುವ ಅಭ್ಯಾಸವಿದೆ. ಆ ಪುಸ್ತಕವನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಎಷ್ಟೋ ತಪ್ಪು ತೀರ್ಪುಗಳಿವೆ. ಅವುಗಳನ್ನು ಮರೆಮಾಚುವುದಿಲ್ಲ.

‘ಸತಿ ಸುಲೋಚನ’ವು ಬೆಂಗಳೂರಿನಲ್ಲಿ ತೆರೆ ಕಂಡದ್ದು ೧೯೩೪ನೆಯ ಇಸವಿಯ ಮಾರ್ಚಿ ೩ರಂದು. ಹಣ ಹಾಕಿದವರು ಚಮನಲಾಲ್ ಡುಂಗಾಜಿ ಎಂಬ ವರ್ತಕರು, ನಿರ್ದೇಶಕರು ವೈ. ವಿ. ರಾವ್, ಸಂಭಾಷಣೆ, ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯನಾಯುಡು ಅವರೂ, ರಾವಣನಾಗಿ ಆರ್. ನಾಗೇಂದ್ರರಾಯರೂ, ಸುಲೋಚನೆಯಾಗಿ ತ್ರಿಪುರಾಂಬೆಯವರೂ ಅಭಿನಯಿಸಿದ್ದರು. ಮೈಸೂರು ಸೀಮೆಯಲ್ಲಿ ಮಾತನ್ನು ಹಿಡಿಯುವ ಯಂತ್ರವುಳ್ಳ ಸ್ಟುಡಿಯೋ ಆಗ ಇರಲಿಲ್ಲವಾಗಿ, ಎಲ್ಲರೂ ಕೊಲ್ಹಾಪುರಕ್ಕೆ ಹೋಗಿ ಅಲ್ಲಿನ ಛತ್ರಪತಿ ಸಿನಿಟೋನಿನಲ್ಲಿ ಚಿತ್ರವನ್ನು ತೆಗೆಯಬೇಕಾಯಿತು. ಕನ್ನಡದ ಮೊದಲನೆಯ ಮಾತು ತೆರೆಯ ಮೇಲೆ ಹೊರಟದ್ದು ಮರಾಠಿಯ ಊರಿನಿಂದ. ಮುಂದೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಮ್ಮವರು ಮದರಾಸಿನ ಸ್ಟುಡಿಯೋಗಳನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿದ್ದರು. ಕನ್ನಡದ ಮಾರುಕಟ್ಟೆಯು ಚಿಕ್ಕದು. ವರ್ಷಕ್ಕೆ ಒಂದೆರಡು ಚಿತ್ರಗಳು ಬಂದರೆ ಅದೇ ಹೆಚ್ಚೆನ್ನುವಂತಹ ಕಾಲವು ಬಹಳ ದಿನ ಇದ್ದಿತು.

ನಮ್ಮ ತಂದೆಯವರು ಆಗ ಬೆಂಗಳೂರಿನಲ್ಲಿ ವಾರಾನ್ನದ ವಿದ್ಯಾರ್ಥಿಯಾಗಿದ್ದವರು. ಊಟದ ಮನೆಯವರೊಬ್ಬರ ಕೃಪೆಯಿಂದ ಈ ಚಿತ್ರವನ್ನು ನೋಡಿ ಬಂದಿದ್ದರು. ಅದರ ಮಾತನ್ನು ನಾನು ಬಾಲ್ಯದಿಂದಲೂ ಕೇಳಿದ್ದೇನೆ. ಸ್ನಾನದ ಮನೆಯಲ್ಲಿ ಅದರ ಹಾಡುಗಳನ್ನು ಹೇಳಿಕೊಳ್ಳುತ್ತಿದ್ದರು. ಮನಸ್ಸು ಬಂದಾಗ ರಾವಣನ ಮಾತುಗಳನ್ನು ನಾಗೇಂದ್ರರಾಯರ ಧಾಟಿಯಲ್ಲಿಯೇ ಒಪ್ಪಿಸುತ್ತಿದ್ದರು. ಅವರಿಗೆ ಎಪ್ಪತ್ತಾದ ಮೇಲೆ ನಾನು ಒಂದು ದಿನ ಕಾಗದ ಪೆನ್ಸಿಲುಗಳನ್ನು ಹಿಡಿದು ಕುಳಿತು, “ಅದರಲ್ಲಿ ಕಣ್ಣಿಗೆ ಕಟ್ಟಿದಂತಿರುವುದು ಯಾವುದು?” ಎಂದು ಕೇಳಿದೆನು. ಬಹಳ ಹೊತ್ತು ಯೋಚಿಸಿದರು. ಮತ್ತೆ ಹಾಡನ್ನೇ ಹೇಳಿದರು. “ಹಾಡಲ್ಲ ಅಣ್ಣ, ಕಂಡದ್ದು” ಎಂದೆ. “ಕಂಡದ್ದೇ? ನಾಯುಡು ಕಂಡ, ನಾಗೇಂದ್ರರಾಯ ಕಂಡ. ಅವರನ್ನು ನಾಟಕದಲ್ಲಿಯೂ ಕಂಡಿದ್ದೆನಲ್ಲ” ಎಂದು ನಕ್ಕುಬಿಟ್ಟರು. ಒಂದು ಮುಖ, ಒಂದು ನೆರಳು, ಒಂದು ಬಾಗಿಲು, ಯಾವುದೂ ಅವರ ನೆನಪಿನಲ್ಲಿ ನಿಂತಿರಲಿಲ್ಲ. ಅವರ ಮಟ್ಟಿಗೆ ಅದು ಕಿವಿಯಿಂದ ನೋಡಿದ ಚಿತ್ರ.

ಇದು ನಮ್ಮ ತಂದೆಯವರ ದೋಷವೂ ಅಲ್ಲ, ಆ ಕಲಾವಿದರ ದೋಷವೂ ಅಲ್ಲ. ಆ ಕಾಲದ ಯಂತ್ರವೇ ಹಾಗಿದ್ದಿತು. ಹಾಡನ್ನು ಮೊದಲು ಬೇರೆ ಹಿಡಿದು ಆಮೇಲೆ ತುಟಿ ಕೂಡಿಸುವ ಉಪಾಯವು ಇನ್ನೂ ಬಳಕೆಗೆ ಬಂದಿರಲಿಲ್ಲ. ನಟನು ತಾನೇ ಹಾಡಬೇಕು, ಅಲ್ಲಿಯೇ ಹಾಡಬೇಕು. ಪಕ್ಕವಾದ್ಯದವರು ಕ್ಯಾಮರಾದ ಕಣ್ಣಿಗೆ ಬೀಳದಂತೆ ಮರೆಯಲ್ಲಿ ನಿಂತು ನುಡಿಸಬೇಕು. ಮೈಕಿನಿಂದ ನಾಲ್ಕು ಹೆಜ್ಜೆ ದೂರ ಹೋದರೆ ಧ್ವನಿಯು ಕುಗ್ಗುವುದು. ಆದಕಾರಣ ಪಾತ್ರಗಳು ಮೈಕಿನ ಸುತ್ತಲೂ ಗುಂಪಾಗಿ ನಿಂತು, ಮಾತನ್ನು ಪೂರೈಸಿ, ಹಾಗೆಯೇ ನಿಷ್ಕ್ರಮಿಸುತ್ತಿದ್ದರು. ಮತ್ತೂ ಒಂದು ತೊಡಕಿದ್ದಿತು. ಕಂಪೆನಿ ನಾಟಕದ ನಟರು ಯಾವ ಯಂತ್ರದ ಸಹಾಯವೂ ಇಲ್ಲದೆ ಕಟ್ಟಕಡೆಯ ನೆಲದ ಸಾಲಿಗೆ ಮಾತನ್ನು ಮುಟ್ಟಿಸಲು ಗಂಟಲನ್ನು ಪಳಗಿಸಿದವರು. ಆ ಗಂಟಲನ್ನು ಮೊಳದುದ್ದದಲ್ಲಿರುವ ಮೈಕಿನ ಮುಂದೆ ತಗ್ಗಿಸೆಂದು ಅವರಿಗೆ ಹೇಳಿಕೊಡುವವರಾರು? ೧೯೩೫ರಲ್ಲಿ ಗುಬ್ಬಿ ವೀರಣ್ಣನವರ ‘ಸದಾರಮೆ’ಯು ಚಿತ್ರವಾಯಿತು. ರಂಗದ ಮೇಲೆ ಆ ಕಳ್ಳನ ಪಾತ್ರಕ್ಕೆ ಜನ ಮುಗಿಬೀಳುತ್ತಿದ್ದರು. ವೀರಣ್ಣನವರಾದರೋ ಮೂಕಚಿತ್ರಗಳ ಕಾಲದಲ್ಲಿಯೇ ಬೆಂಗಳೂರಿನಲ್ಲಿ ಚಿತ್ರ ತೆಗೆಯುವ ಸಾಹಸವನ್ನು ಮಾಡಿದ್ದವರು. ಮಾತಿಲ್ಲದ ಆ ಚಿತ್ರಗಳ ಪರಂಪರೆಯು ನಮ್ಮಲ್ಲಿ ಹತ್ತು ವರ್ಷ ನಿಂತಿದ್ದರೆ ಕನ್ನಡ ಸಿನಿಮಾ ಮೊದಲು ನೋಡುವುದನ್ನು ಕಲಿತು ಆಮೇಲೆ ಮಾತಾಡುತ್ತಿದ್ದಿತೋ ಏನೋ. ಆದದ್ದು ಹಾಗಲ್ಲ. ನಮ್ಮ ಸಿನಿಮಾ ಹುಟ್ಟುತ್ತಲೇ ಮಾತಾಡಿತು, ಮಾತಾಡುತ್ತಲೇ ಬೆಳೆಯಿತು. ಕಣ್ಣು ಬಿಡುವುದಕ್ಕೆ ಮೂವತ್ತು ವರ್ಷ ತೆಗೆದುಕೊಂಡಿತು.

ಮಾತುಗಾರಿಕೆಯು ಪುರಾಣದ ಚಿತ್ರಗಳಿಗೆ ಮಾತ್ರ ಅಂಟಿದ ಗುಣವೆಂದು ಹೇಳುವವರಿದ್ದಾರೆ. ಹಾಗೆ ತೋರುವುದಿಲ್ಲ. ೧೯೩೬ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ‘ಸಂಸಾರ ನೌಕ’ವನ್ನು ತೆಗೆದು, ರಾಕ್ಷಸರೂ ದೇವತೆಗಳೂ ಇಲ್ಲದ ಸಾಮಾಜಿಕ ಕಥೆಯನ್ನು ಮೊದಲ ಬಾರಿಗೆ ಕನ್ನಡದ ತೆರೆಗೆ ತಂದರು. ಬಿ. ಆರ್. ಪಂತುಲು ಅವರೂ ಎಂ. ವಿ. ರಾಜಮ್ಮನವರೂ ಅದರಲ್ಲಿದ್ದರು. ಅದೂ ಆಡಿ ಪಳಗಿದ ನಾಟಕವೇ. ಕಿರೀಟ ಹೋಗಿ ಕೋಟು ಬಂದಿತೆಂದ ಮಾತ್ರಕ್ಕೆ ನಡೆ ಬದಲಾಗಿರಲಾರದೆಂದು ಊಹಿಸುತ್ತೇನೆ. ಆದರೆ ಇದು ಊಹೆ. ನಾನು ಆ ಚಿತ್ರವನ್ನು ನೋಡಿಲ್ಲ. ಆದುದರಿಂದ ಮುಂದೆ ಒಂದಕ್ಷರವನ್ನೂ ಹೇಳುವುದಿಲ್ಲ.

ಚಿತ್ರಗಳು ಹೇಗೆ ಹಾಳಾದುವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ೧೯೫೦ರ ಸುಮಾರಿನವರೆಗೆ ಚಿತ್ರಗಳನ್ನು ಮುದ್ರಿಸುತ್ತಿದ್ದ ನೈಟ್ರೇಟ್ ಫಿಲ್ಮು ಬೆಂಕಿಗೆ ಬಹಳ ಬೇಗ ತುತ್ತಾಗುವಂತಹುದು. ಒಮ್ಮೆ ಹೊತ್ತಿದರೆ ನೀರಿಗೂ ಆರುವುದಿಲ್ಲ. ಬೆಂಕಿಗೆ ಸಿಕ್ಕದೆ ಉಳಿದದ್ದು ನಮ್ಮ ಸೆಕೆಯಲ್ಲಿ ತಾನಾಗಿಯೇ ಕೊಳೆತು ಪುಡಿಯಾಗುವುದು. ಇವೆರಡಕ್ಕೂ ತಪ್ಪಿಸಿಕೊಂಡದ್ದನ್ನು ಮನುಷ್ಯರೇ ಕರಗಿಸಿದರು. ಫಿಲ್ಮಿನ ಲೇಪದಲ್ಲಿ ಬೆಳ್ಳಿಯ ಅಂಶವಿರುವುದು. ಓಡಿ ಓಡಿ ಹರಿದ ಪ್ರತಿಗಳನ್ನು ಬೆಳ್ಳಿಗಾಗಿ ತೂಕಕ್ಕೆ ಮಾರುವುದು ಆ ವ್ಯಾಪಾರದಲ್ಲಿ ಮಾಮೂಲಾಗಿದ್ದಿತು. ಚಿತ್ರ ಓಡಿ ಮುಗಿದ ಮೇಲೆ ಅದು ಹಳೆಯ ಪಂಚಾಂಗದಂತೆ; ಯಾರಿಗೆ ಬೇಕು? ಪುಣೆಯಲ್ಲಿ ರಾಷ್ಟ್ರೀಯ ಚಿತ್ರ ಸಂಗ್ರಹಾಲಯವು ಸ್ಥಾಪಿತವಾದದ್ದು ೧೯೬೪ರಲ್ಲಿ, ‘ಸತಿ ಸುಲೋಚನ’ವು ಬಂದು ಮೂವತ್ತು ವರ್ಷಗಳಾದ ಮೇಲೆ. ಪುಣೆಯಲ್ಲಿಯೂ ೨೦೦೩ರ ಜನವರಿಯಲ್ಲಿ ಬೆಂಕಿ ಬಿದ್ದು ಅನೇಕ ನೈಟ್ರೇಟ್ ಸುರುಳಿಗಳು ಭಸ್ಮವಾದುವು. ಭರತಖಂಡದ ಮೊದಲನೆಯ ವಾಕ್ಚಿತ್ರವಾದ ೧೯೩೧ರ ‘ಆಲಂ ಆರಾ’ದ ಗತಿಯೂ ನಮ್ಮ ಸುಲೋಚನೆಯ ಗತಿಯೇ. ಮೂಕಚಿತ್ರಗಳು ಸಾವಿರದ ಮುನ್ನೂರಕ್ಕೆ ಮೇಲ್ಪಟ್ಟು ತಯಾರಾಗಿದ್ದುವು. ಪೂರ್ಣವಾಗಿಯೋ ತುಂಡಾಗಿಯೋ ಉಳಿದಿರುವುವು ಮೂವತ್ತರ ಆಸುಪಾಸು.

ನಾನು ಕಣ್ಣಾರೆ ಕಂಡ ಮೊದಲನೆಯ ಚಿತ್ರ ‘ಬೇಡರ ಕಣ್ಣಪ್ಪ’. ಅದು ೧೯೫೪ರದು, ನಮ್ಮ ಹೋಬಳಿಗೆ ಜಾತ್ರೆಯ ವೇಳೆಗೆ ಟೂರಿಂಗ್ ಟಾಕೀಸು ಬಂದಾಗ ಅದಕ್ಕೆ ಎರಡು ವರ್ಷ ವಯಸ್ಸಾಗಿದ್ದಿರಬೇಕು. ಡೇರೆ ಹಾಕಿ, ನಡುವೆ ಅಡ್ಡ ಕಟ್ಟಿ, ಗಂಡಸರನ್ನು ಒಂದು ಕಡೆಯೂ ಹೆಂಗಸರನ್ನು ಒಂದು ಕಡೆಯೂ ಕೂರಿಸುತ್ತಿದ್ದರು. ಸಂಜೆ ಧ್ವನಿವರ್ಧಕದಲ್ಲಿ ತಿರುಪತಿ ತಿಮ್ಮಪ್ಪನ ಹಾಡು ಕೇಳಿಸಿತೆಂದರೆ ಟಿಕೆಟು ಕೊಡುವುದಕ್ಕೆ ಮೊದಲಾಯಿತೆಂದು ಅರ್ಥ. ಯಂತ್ರವು ಒಂದೇ ಆದುದರಿಂದ ಪ್ರತಿಯೊಂದು ಸುರುಳಿಯು ಮುಗಿದಾಗಲೂ ದೀಪ ಹತ್ತಿಸಿ, ಇನ್ನೊಂದನ್ನು ಏರಿಸುವವರೆಗೆ ಕಡಲೆಕಾಯಿ ಮಾರುವವರಿಗೆ ಅವಕಾಶ ಕೊಡುತ್ತಿದ್ದರು. ದೇವರ ಕಣ್ಣಿಗೆ ತನ್ನ ಕಣ್ಣನ್ನು ಕಿತ್ತು ಇಡುವ ಕಡೆಯಲ್ಲಿ ನಮ್ಮ ಅಜ್ಜಿಯು ಅಡ್ಡದ ಆ ಕಡೆಯಿಂದ “ಶಿವನೇ!” ಎಂದು ಕೂಗಿದ್ದು ನನಗೆ ಕೇಳಿಸಿತು. ಕೆಂಪು ರಕ್ತವು ಮುಖದ ಮೇಲೆಲ್ಲ ಹರಿದದ್ದನ್ನು ನಾನು ಮೂವತ್ತು ವರ್ಷ ನೆನಪಿನಲ್ಲಿಟ್ಟುಕೊಂಡಿದ್ದೆ. ಅನೇಕರೊಡನೆ ವರ್ಣಿಸಿಯೂ ಇದ್ದೆ. ಮಗನ ಮನೆಯ ದೂರದರ್ಶನದಲ್ಲಿ ಆ ಚಿತ್ರವನ್ನು ಮತ್ತೆ ಕಂಡಾಗಲೇ ಗೊತ್ತಾದದ್ದು, ಅದು ಕಪ್ಪು ಬಿಳುಪಿನ ಚಿತ್ರ. ಕೆಂಪು ಬಣ್ಣವನ್ನು ಬಳಿದವನು ನಾನು.

ಎರಡನೆಯ ಸಲ ನೋಡಿದಾಗ ಆ ಚಿತ್ರವು ಬಹುಪಾಲು ನಾಟಕವೇ ಎಂಬುದರಲ್ಲಿ ನನಗೆ ಸಂದೇಹವುಳಿಯಲಿಲ್ಲ. ನಮ್ಮ ತರುಣ ಮಿತ್ರರಿಗೆ ಇಷ್ಟು ಸೋಲುತ್ತೇನೆ. ಆದರೆ ಅದರ ನಡುವೆ ರಾಜಕುಮಾರರ ಮುಖವಿದೆ. ಅವರೂ ಕಂಪೆನಿಯಲ್ಲಿ ಬೆಳೆದವರೇ. ತಂದೆ ಪುಟ್ಟಸ್ವಾಮಯ್ಯನವರೂ ರಂಗದವರು. ಹಾಗಿದ್ದರೂ, ಬೇರೆಯವರು ಮಾತಾಡುತ್ತಿರುವಾಗ ಈ ಮನುಷ್ಯನು ಸುಮ್ಮನೆ ಕೇಳುತ್ತ ನಿಂತಿರುವ ಬಗೆಯನ್ನು ನೋಡಬೇಕು. ರಂಗದ ಮೇಲೆ ಅದನ್ನು ಕಾಣುವವರು ಮುಂದಿನ ಸಾಲಿನ ನಾಲ್ಕು ಜನ ಮಾತ್ರ. ಕ್ಯಾಮರಾ ಅದನ್ನು ಎಲ್ಲರಿಗೂ ಕಾಣಿಸಿತು. ಹಿರಿಯರು “ಅಭಿನಯ” ಎಂದು ಹೇಳುವಾಗ ಮನಸ್ಸಿನಲ್ಲಿಟ್ಟುಕೊಂಡಿರುವುದು ಇದನ್ನೇ ಆಗಿದ್ದರೆ ಅವರ ಮಾತಿನಲ್ಲಿಯೂ ಸತ್ಯವಿದೆ.

ಕನ್ನಡ ಸಿನಿಮಾ ಕಣ್ಣು ಬಿಟ್ಟದ್ದು ಯಾವಾಗ ಎಂದು ಕೇಳಿದರೆ ನಾನು ೧೯೬೪ ಎನ್ನುತ್ತೇನೆ. ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ಯು ಮೊದಲ ವರ್ಣಚಿತ್ರವಾಗಿ ಬಂದ ವರ್ಷವದು, ಆದರೆ ನನ್ನ ಲೆಕ್ಕದಲ್ಲಿರುವುದು ಆ ಬಣ್ಣವಲ್ಲ, ಎನ್. ಲಕ್ಷ್ಮೀನಾರಾಯಣರ ‘ನಾಂದಿ’. ಮೊದಲ ಹೆಂಡತಿಯನ್ನು ಕಳೆದುಕೊಂಡ ಉಪಾಧ್ಯಾಯನೊಬ್ಬನು, ಕಿವಿಯು ಕೇಳದ, ಮಾತು ಬಾರದ ಹೆಣ್ಣೊಬ್ಬಳನ್ನು ಮದುವೆಯಾಗಿ ಸಂಸಾರ ಹೂಡುವ ಕಥೆ. ಉಪಾಧ್ಯಾಯನು ರಾಜಕುಮಾರ್, ಮಾತು ಬಾರದ ಹೆಂಡತಿ ಹರಿಣಿಯವರು. ನಾನು ಅದನ್ನು ನೋಡಿದಾಗ ಇಪ್ಪತ್ತು ವರ್ಷದವನು. ನೋಟುಪುಸ್ತಕದಲ್ಲಿ “ನಿಧಾನ. ಹಾಡು ಸಾಲದು” ಎಂದು ಬರೆದಿದ್ದೇನೆ! ಈಗ ಓದಿದರೆ ನಾಚಿಕೆಯಾಗುತ್ತದೆ. ಮೂವತ್ತು ವರ್ಷ ಮಾತನ್ನೇ ನಂಬಿದ್ದ ಸಿನಿಮಾದ ಎದುರಿಗೆ ಮಾತು ಮುಟ್ಟಲಾರದ ಒಂದು ಪಾತ್ರವನ್ನು ತಂದು ನಿಲ್ಲಿಸಿದರು. ಗಂಡನು ತನ್ನ ಮನಸ್ಸನ್ನು ಅವಳಿಗೆ ತಿಳಿಸುವುದಾದರೂ ಹೇಗೆ? ಕೈಯಿಂದ, ಕಣ್ಣಿನಿಂದ, ಎದುರಿಗೆ ಕುಳಿತುಕೊಳ್ಳುವುದರಿಂದ. ಆಗ ಕ್ಯಾಮರಾ ಹತ್ತಿರಕ್ಕೆ ಹೋಗಲೇಬೇಕಾಯಿತು, ಪ್ರೇಕ್ಷಕನು ನೋಡಲೇಬೇಕಾಯಿತು. ಹರಿಣಿಯವರ ಆ ಪಾತ್ರಕ್ಕೆ ಸಿಕ್ಕಬೇಕಾದ ಮನ್ನಣೆಯು ಸಿಕ್ಕಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಪುಟ್ಟಣ್ಣ ಕಣಗಾಲರ ವಿಷಯದಲ್ಲಿ ಮಾತು ಹೆಚ್ಚಿದರೆ ಮನೆಮನೆಗಳಲ್ಲಿ ಜಗಳವಾಗುವುದು, ಆದರೂ ಹೇಳುತ್ತೇನೆ. ತ್ರಿವೇಣಿಯವರ ಕಾದಂಬರಿಯಿಂದ ಎತ್ತಿದ ‘ಬೆಳ್ಳಿ ಮೋಡ’ದಲ್ಲಿ (೧೯೬೭) ಮಲೆನಾಡಿನ ಬೆಟ್ಟ, ಮಂಜುಗಳು ಕಥೆಯ ಪಾತ್ರಗಳಾದುವು, ಪರದೆಗೆ ಬರೆದ ಕಾಡನ್ನು ನೋಡಿ ಬೇಸತ್ತಿದ್ದ ನಮಗೆ ಅದೊಂದು ಬಿಡುಗಡೆ. ಎಂ. ಕೆ. ಇಂದಿರಾ ಅವರ ‘ಗೆಜ್ಜೆ ಪೂಜೆ’ಯನ್ನು ಅವರು ತೆರೆಗೆ ತಂದದ್ದು ಇದಕ್ಕಿಂತಲೂ ಗಟ್ಟಿಯಾದ ಕೆಲಸ. ‘ಶರಪಂಜರ’ದಲ್ಲಿ (೧೯೭೧), ಹುಚ್ಚಿನ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಮನೆಯವರು ನೋಡುವ ನೋಟವಿದೆಯಷ್ಟೆ, ಅದನ್ನು ಕಂಡ ಮೇಲೆ ನಮ್ಮ ನಂಟರಲ್ಲಿ ಒಬ್ಬ ಹೆಣ್ಣುಮಗಳ ವಿಷಯದಲ್ಲಿ ನಾವೆಲ್ಲ ನಡೆದುಕೊಂಡ ರೀತಿಯು ನೆನಪಾಗಿ ನಾನು ರಾತ್ರಿ ನಿದ್ರೆಮಾಡಲಿಲ್ಲ. ಆಕೆಯ ಕೈಯಲ್ಲಿ ಮಗುವನ್ನು ಕೊಡಲು ನಾವು ಹೆದರುತ್ತಿದ್ದೆವು. ಆ ಹೆದರಿಕೆಯನ್ನು ಆಕೆ ಕಾಣುತ್ತಿದ್ದಳೆಂಬ ಅರಿವು ನನಗೆ ಆ ಚಿತ್ರದಿಂದ ಬಂದಿತು. ಕಲ್ಪನಾ ಅವರ ಅಭಿನಯವು ಅಂತಹುದು. ಆದರೆ ಇಷ್ಟು ಕಂಡ ನಿರ್ದೇಶಕರು ಪ್ರೇಕ್ಷಕನನ್ನು ನಂಬುತ್ತಿರಲಿಲ್ಲ. ನಾವು ಒಮ್ಮೆ ಕಂಡು ತಿಳಿದದ್ದನ್ನು ಮತ್ತೆ ಮಾತಿನಲ್ಲಿ ಹೇಳಿಸುವರು, ಮೂರನೆಯ ಸಲ ವಾದ್ಯಗಳಿಂದ ಬಾರಿಸುವರು. ಚಿತ್ರದ ಕೊನೆಕೊನೆಗೆ ಪಿಸುಮಾತು ಹೋಗಿ ಕೂಗು ಬರುವುದು. ಕಂಪೆನಿಯ ಹಳೆಯ ಗಂಟಲು ಇಲ್ಲಿಯೂ ಬಿಟ್ಟಿರಲಿಲ್ಲ.

೧೯೭೨ರ ‘ಬಂಗಾರದ ಮನುಷ್ಯ’ವು ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತೆಂಬುದು ಪ್ರಸಿದ್ಧವಾದ ಸಂಗತಿ. ಸಿದ್ಧಲಿಂಗಯ್ಯನವರು ನೇಗಿಲು, ಬಾವಿ, ಕಲ್ಲುಭೂಮಿಗಳನ್ನು ತೋರಿಸಿದ ಭಾಗಗಳನ್ನು ಈಗಲೂ ಸಂತೋಷದಿಂದ ನೋಡುತ್ತೇನೆ. ಒಬ್ಬನೇ ಮನುಷ್ಯನು ಎಲ್ಲ ಸದ್ಗುಣಗಳನ್ನೂ ಹೊತ್ತು, ಉಳಿದವರೆಲ್ಲ ಅವನ ಉಪಕಾರವನ್ನು ಪಡೆಯುವುದಕ್ಕೋ ಮರೆಯುವುದಕ್ಕೋ ಮಾತ್ರವೇ ಇರುವ ಕಥೆಯಲ್ಲಿ ನನಗೆ ಮನಸ್ಸು ನಿಲ್ಲುವುದಿಲ್ಲ. ಈ ಅಭಿಪ್ರಾಯಕ್ಕಾಗಿ ನಮ್ಮ ಮನೆಯಾಕೆ ನನ್ನೊಡನೆ ಐವತ್ತು ವರ್ಷಗಳಿಂದ ವಾದಿಸುತ್ತಿದ್ದಾಳೆ.

ಇನ್ನು ‘ಸಂಸ್ಕಾರ’. ಅನಂತಮೂರ್ತಿಯವರ ಕಾದಂಬರಿಯು ೧೯೬೫ರದು, ಪಟ್ಟಾಭಿರಾಮ ರೆಡ್ಡಿಯವರ ಚಿತ್ರವು ೧೯೭೦ರದು. ಸೆನ್ಸಾರಿನವರು ಮೊದಲು ತಡೆದರು. ಕಡೆಗೆ ಬಿಡುಗಡೆಯಾಗಿ, ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಕನ್ನಡಕ್ಕೆ ಆ ಗೌರವವು ಅದೇ ಮೊದಲು. ಛಾಯಾಗ್ರಾಹಕರು ಟಾಮ್ ಕೋವನ್ ಎಂಬ ಆಸ್ಟ್ರೇಲಿಯಾದವರು. ಕನ್ನಡ ತಿಳಿಯದ ಆ ಕಣ್ಣು ಮಾತಿನ ಹಂಗಿಲ್ಲದೆ ನಮ್ಮ ಅಗ್ರಹಾರವನ್ನು ನೋಡಿತು. ಕೆಮ್ಮಣ್ಣಿನ ಅಂಗಳ, ಸತ್ತು ಬೀಳುವ ಇಲಿಗಳು, ಮಾಡಿನ ಮೇಲೆ ಬಂದು ಕೂರುವ ಹದ್ದುಗಳು, ಹೆಣವನ್ನು ಎತ್ತದೆ ಊಟಮಾಡುವಂತಿಲ್ಲವಾಗಿ ಹಸಿದು ಕುಳಿತ ಬ್ರಾಹ್ಮಣರ ಮುಖಗಳು, ಇವುಗಳನ್ನು ಒಮ್ಮೆ ಕಂಡವರು ಮರೆಯುವಂತಿಲ್ಲ. ಅದು ಹೊರಬಂದಾಗ ನಮ್ಮ ಬೀದಿಯಲ್ಲಿ ಕೆಲವರು ಮಾತು ಬಿಟ್ಟರು. ನೋಡಿ ಬಂದವರನ್ನು ಪಂಕ್ತಿಯಲ್ಲಿ ಕೂರಿಸಬೇಕೋ ಬೇಡವೋ ಎಂದು ಅರ್ಧ ಹಾಸ್ಯವಾಗಿ ಕೇಳಿದವರೂ ಉಂಟು. ಉಳಿದರ್ಧ ಹಾಸ್ಯವಾಗಿರಲಿಲ್ಲ. ಆದರೂ ನನ್ನ ಆಕ್ಷೇಪವೊಂದಿದೆ. ಕಾದಂಬರಿಯ ಜೀವವು ಪ್ರಾಣೇಶಾಚಾರ್ಯರ ಒಳಗಿನ ಜಗಳದಲ್ಲಿದೆ. ಕಾರ್ನಾಡರು ನಡೆಯುತ್ತಾರೆ, ನಿಲ್ಲುತ್ತಾರೆ, ನೋಡುತ್ತಾರೆ. ಆ ಜಗಳವು ನಮಗೆ ಸಾಕಷ್ಟು ಕಾಣುವುದಿಲ್ಲ. ಪುಸ್ತಕವನ್ನು ಓದದೆ ಹೋದವರಿಗೆ ಉತ್ತರಾರ್ಧವು ಬರಿಯ ದಾರಿ ನಡೆಯುವುದಾಗಿ ತೋರಿದರೆ ಆಶ್ಚರ್ಯವಿಲ್ಲ.

ಕಣ್ಣೇ ಸರ್ವಸ್ವವೆಂದು ನಾನು ವಾದಿಸುತ್ತಿರುವೆನೆಂದು ವಾಚಕರು ತಿಳಿಯಬಾರದು. ‘ಚೋಮನ ದುಡಿ’ಯನ್ನೇ ನೋಡಬಹುದು. ಶಿವರಾಮ ಕಾರಂತರು ೧೯೩೩ರಲ್ಲಿ ಬರೆದದ್ದನ್ನು ಬಿ. ವಿ. ಕಾರಂತರು ೧೯೭೫ರಲ್ಲಿ ಚಿತ್ರವಾಗಿ ಮಾಡಿದರು. ತುಂಡು ನೆಲವನ್ನು ತನ್ನದಾಗಿ ಉಳಬೇಕೆಂಬ ಚೋಮನ ಆಸೆಯನ್ನು ಯಾರೂ ಕೇಳುವುದಿಲ್ಲ. ಕೇಳಿಸುವುದು ಅವನ ದುಡಿ ಮಾತ್ರ. ಎಂ. ವಿ. ವಾಸುದೇವರಾಯರು ಆ ಪಾತ್ರದಲ್ಲಿ ಆಡುವ ಮಾತು ಸ್ವಲ್ಪ. ಆ ದುಡಿಯ ಸದ್ದು ಸಿಟ್ಟೂ ಆಗುತ್ತದೆ, ಕುಡಿತದ ಸಂತೋಷವೂ ಆಗುತ್ತದೆ, ಕಡೆಗೆ ಉಸಿರೂ ಆಗುತ್ತದೆ. ಬಿ. ವಿ. ಕಾರಂತರು ರಂಗಭೂಮಿಯವರೇ ಎಂಬುದನ್ನು ತರುಣ ಮಿತ್ರರು ಗಮನಿಸಬೇಕು. ರಂಗದಿಂದ ಬಂದುದೆಲ್ಲವೂ ದೋಷವಲ್ಲ. ಯಾವುದನ್ನು ತರಬೇಕು, ಯಾವುದನ್ನು ಬಾಗಿಲಲ್ಲಿ ಬಿಡಬೇಕು ಎಂಬುದನ್ನು ಬಲ್ಲವರು ಬೇಕಾಗಿತ್ತು.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (೧೯೭೭) ವಿಷಯದಲ್ಲಿ ನಾನು ಮಾಡಿದ ಅಪರಾಧವನ್ನು ಒಪ್ಪಿಕೊಳ್ಳಬೇಕು. ವೇದಪಾಠಕ್ಕೆಂದು ಬಂದ ಸಣ್ಣ ಹುಡುಗ ನಾಣಿಯ ಕಣ್ಣಿನಿಂದ, ಗರ್ಭಿಣಿಯಾದ ವಿಧವೆ ಯಮುನಕ್ಕನ ಕಥೆಯನ್ನು ತೋರಿಸುವ ಚಿತ್ರವದು. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಹೊರಹಾಕುತ್ತಾನೆ. ಊರಿಗೆ ಕರೆದೊಯ್ಯಲು ಬಂದ ತಂದೆಯ ಹಿಂದೆ ಹೋಗುತ್ತ ಆ ಹುಡುಗನು ತಿರುಗಿ ನೋಡಿದಾಗ, ತಲೆ ಬೋಳಿಸಿದ ಯಮುನಕ್ಕ ಮರದ ಕೆಳಗೆ ಒಬ್ಬಳೇ ಕುಳಿತಿರುತ್ತಾಳೆ. ಇದಕ್ಕೆ ಸಮನಾದ ಮುಕ್ತಾಯವನ್ನು ನಾನು ಕನ್ನಡದಲ್ಲಿ ಬೇರೆ ಕಂಡಿಲ್ಲ. ನಮ್ಮ ಜಿಲ್ಲಾ ಕೇಂದ್ರದ ಚಿತ್ರಸಂಘದವರು ಅದನ್ನು ತರಿಸಿದ್ದಾಗ ನೋಡಿ, ಇಷ್ಟನ್ನೂ ಹೊಗಳಿ ಬರೆದು, ಕೆಳಗೆ “ರಾತ್ರಿಯ ದೃಶ್ಯಗಳಲ್ಲಿ ಏನೂ ಕಾಣುವುದಿಲ್ಲ; ಛಾಯಾಗ್ರಹಣವು ಸಾಧಾರಣ” ಎಂದು ತೀರ್ಪು ಕೊಟ್ಟಿದ್ದೆ. ಅದನ್ನು ನಾಲ್ವರ ಮುಂದೆ ಹೇಳಿಕೊಂಡು ತಿರುಗಿದ್ದೂ ಉಂಟು. ಛಾಯಾಗ್ರಾಹಕರು ಎಸ್. ರಾಮಚಂದ್ರ, ಅವರ ಕೆಲಸವು ಎಂತಹುದೆಂಬುದನ್ನು ಬಲ್ಲವರು ಬಲ್ಲರು. ನಾವು ನೋಡಿದ್ದು ಎಷ್ಟೋ ಊರುಗಳನ್ನು ಸುತ್ತಿ ಗೀಚಿ ಮಾಸಿದ ಪ್ರತಿಯನ್ನು, ಮಂಕಾದ ದೀಪದ ಯಂತ್ರದಲ್ಲಿ. ಕತ್ತಲೆ ಅವರದಾಗಿರಲಿಲ್ಲ, ನಮ್ಮದು. ಆ ಚಿತ್ರದ ಮೂಲ ನೆಗೆಟಿವು ಅದೃಷ್ಟವಶಾತ್ ಉಳಿದಿದ್ದುದರಿಂದ, ಫಿಲಂ ಹೆರಿಟೇಜ್ ಫೌಂಡೇಷನ್ನಿನವರು ಪರದೇಶದ ಸಂಸ್ಥೆಗಳ ಸಹಾಯದಿಂದ ಅದನ್ನು ಜೀರ್ಣೋದ್ಧಾರ ಮಾಡಿ, ೨೦೨೪ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಹೊಸ ಪ್ರತಿಯು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ನೋಟುಪುಸ್ತಕದ ಆ ಸಾಲನ್ನು ಮಾತ್ರ ಹೊಡೆದುಹಾಕಿದ್ದೇನೆ.

ಜೀರ್ಣೋದ್ಧಾರಕ್ಕೂ ಹೊಸ ಬಣ್ಣ ಹೊಡೆಯುವುದಕ್ಕೂ ಇರುವ ಭೇದವನ್ನು ನಮ್ಮ ಜನ ಅರಿಯಬೇಕು. ಹುಣಸೂರು ಕೃಷ್ಣಮೂರ್ತಿಗಳ ‘ಸತ್ಯ ಹರಿಶ್ಚಂದ್ರ’ವನ್ನು (೧೯೬೫) ೨೦೦೮ರಲ್ಲಿಯೂ, ‘ಕಸ್ತೂರಿ ನಿವಾಸ’ವನ್ನು (೧೯೭೧) ೨೦೧೪ರಲ್ಲಿಯೂ ಬಣ್ಣ ತುಂಬಿ ಬಿಡುಗಡೆ ಮಾಡಿದರು. ಮೊಮ್ಮಕ್ಕಳು ನೋಡಿ ಬಂದು ಕೊಂಡಾಡಿದರು, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಸ್ಮಶಾನದ ಆ ನೆರಳು ಬೆಳಕನ್ನು ಕಪ್ಪು ಬಿಳುಪಿಗೆಂದು ಅಳೆದು ಕಟ್ಟಿದವರೊಬ್ಬರಿದ್ದರಲ್ಲ! ಹೊಯ್ಸಳರ ಗುಡಿಯ ಶಿಲ್ಪಕ್ಕೆ ಭಕ್ತರು ಸುಣ್ಣ ಬಳಿದದ್ದನ್ನು ನಮ್ಮ ಜಿಲ್ಲೆಯಲ್ಲಿಯೇ ನೋಡಿದ್ದೇವೆ. ಅದನ್ನೂ ಭಕ್ತಿಯಿಂದಲೇ ಬಳಿದಿದ್ದರು.

ಎಂಬತ್ತು ತೊಂಬತ್ತರ ದಶಕಗಳಲ್ಲಿ ನನ್ನ ನೋಟುಪುಸ್ತಕವು ಬಹಳ ತೆಳ್ಳಗಿದೆ. ಶಂಕರನಾಗ್ ಅವರ ‘ಆಕ್ಸಿಡೆಂಟ್’ (೧೯೮೪) ಒಂದಕ್ಕೆ ಎರಡು ಪುಟ ಬರೆದಿದ್ದೇನೆ. ಉಳಿದಂತೆ ಮಕ್ಕಳ ಓದು, ಮದುವೆ, ವರ್ಗಾವಣೆ.

ಈಚಿನವುಗಳಲ್ಲಿ ಮೂರರ ಮಾತನ್ನಾಡಿ ಮುಗಿಸುತ್ತೇನೆ. ‘ಕೆ.ಜಿ.ಎಫ್.’ ಎರಡು ಭಾಗಗಳನ್ನೂ (೨೦೧೮, ೨೦೨೨) ಮೊಮ್ಮಗನ ಜೊತೆಯಲ್ಲಿ ನೋಡಿದೆ. ಯಂತ್ರಕೌಶಲದಲ್ಲಿ ಕನ್ನಡದವರು ಯಾರಿಗೂ ಕಡಮೆಯಿಲ್ಲವೆಂಬುದು ನಿಶ್ಚಯವಾಯಿತು. ಆದರೆ ಕೋಲಾರದ ಗಣಿಯಲ್ಲಿ ದುಡಿದ ಕುಟುಂಬಗಳನ್ನು ನಾನು ಬಲ್ಲೆ. ೨೦೦೧ರಲ್ಲಿ ಗಣಿ ಮುಚ್ಚಿದಾಗ ಅವರ ಬೀದಿಗಳಲ್ಲಿ ನಡೆದಿದ್ದೇನೆ. ಚಿತ್ರದಲ್ಲಿ ಸಾವಿರಾರು ಕೂಲಿಗಳಿದ್ದರೂ ಹೊರಗೆ ಬಂದ ಮೇಲೆ ಒಬ್ಬ ಕೂಲಿಯ ಮುಖವೂ ನನಗೆ ನೆನಪಾಗಲಿಲ್ಲ. ನೆನಪಾದದ್ದು ನಾಯಕನ ಮಾತುಗಳು, ಮೊಮ್ಮಗನು ದಾರಿಯುದ್ದಕ್ಕೂ ಅವುಗಳನ್ನು ಒಪ್ಪಿಸುತ್ತಿದ್ದನು. ನನಗೆ ನಮ್ಮ ತಂದೆಯವರ ರಾವಣನು ನೆನಪಿಗೆ ಬಂದನು. ‘ಕಾಂತಾರ’ದಲ್ಲಿ (೨೦೨೨) ನಾಯಕನು ಹೆಣ್ಣನ್ನು ಚಿವುಟಿ ಗೋಳುಹೊಯ್ದುಕೊಳ್ಳುವುದನ್ನು ಹಾಸ್ಯವೆಂದು ತೋರಿಸಿರುವುದು ನನಗೆ ಸೇರಲಿಲ್ಲ, ಕೊನೆಯ ಕೋಲದ ಹೊತ್ತಿಗೆ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಅಲ್ಲಿ ಮಾತು ಅಡಗಿ, ಮೈ ಮತ್ತು ಕೂಗು ಉಳಿಯುತ್ತವೆ.

ಮೂರನೆಯದು ರಾಮ್ ರೆಡ್ಡಿಯವರ ‘ತಿಥಿ’, ೨೦೧೫ರದು. ನೂರೊಂದು ವರ್ಷದ ಸೆಂಚುರಿ ಗೌಡನು ಸತ್ತು, ಅವನ ತಿಥಿಯೊಳಗಾಗಿ ಮಗ, ಮೊಮ್ಮಗ, ಮರಿಮಗ ಮೂವರೂ ಮಾಡುವ ಪರದಾಟವೇ ಕಥೆ. ನಟಿಸಿದವರು ಮಂಡ್ಯದ ಕಡೆಯ ಹಳ್ಳಿಯ ಜನರೇ, ನಟನೆಯನ್ನು ಕಲಿತವರಲ್ಲ. ಆ ಮಾತು! ೧೯೩೪ರಲ್ಲಿ ನರಹರಿ ಶಾಸ್ತ್ರಿಗಳ ಗ್ರಂಥಸ್ಥ ಕನ್ನಡದಿಂದ ಹೊರಟ ನಮ್ಮ ತೆರೆಯ ಮಾತು, ಎಂಬತ್ತೊಂದು ವರ್ಷಗಳ ಮೇಲೆ, ಜಗಲಿಯ ಮೇಲೆ ಕುಳಿತವರ ಬಾಯಿಗೆ ಬಂದು ಸೇರಿತು. ಯಾರೂ ಯಾರಿಗೂ ಕೇಳಿಸುವುದಕ್ಕಾಗಿ ಮಾತಾಡುವುದಿಲ್ಲ. ಗಡ್ಡಪ್ಪನು ಸುಮ್ಮನೆ ನಡೆದುಹೋಗುತ್ತಿರುತ್ತಾನೆ, ಕ್ಯಾಮರಾ ಸುಮ್ಮನೆ ನೋಡುತ್ತಿರುತ್ತದೆ. ಹಿರಿಯ ಸದಸ್ಯರು ಇದನ್ನು ನೋಡಿಲ್ಲವೆಂದು ವಿಚಾರಿಸಿ ತಿಳಿದೆ. ನೋಡಿದ ಮೇಲೆ ಅವರು ನನ್ನೊಡನೆ ಎಷ್ಟು ಬೇಕಾದರೂ ಜಗಳವಾಡಬಹುದು.

ಈಗಿನ ಚಿತ್ರಗಳಿಗೆ ಫಿಲ್ಮೇ ಇಲ್ಲವಾದುದರಿಂದ ಅವು ಹಾಳಾಗುವುದಿಲ್ಲವೆಂದು ಮೊಮ್ಮಗನು ಸಮಾಧಾನ ಹೇಳುತ್ತಾನೆ. ಅವನೇ ಹಿಂದೆ ತೆಗೆದ ನಮ್ಮ ಷಷ್ಟ್ಯಬ್ದಿಯ ಕಡೆಯ ಮದುವೆಯ ಚಿತ್ರಗಳು ಯಾವುದೋ ಡಿಸ್ಕಿನಲ್ಲಿವೆ, ಡಿಸ್ಕು ತೆರೆಯುವುದಿಲ್ಲ.

ಎಂಟು ವರ್ಷಗಳ ಹಿಂದೆ, ಟೂರಿಂಗ್ ಟಾಕೀಸಿನಲ್ಲಿ ಯಂತ್ರ ನಡೆಸುತ್ತಿದ್ದ ನಮ್ಮೂರಿನವರೊಬ್ಬರು ತೀರಿಕೊಂಡಾಗ, ಅವರ ಮಕ್ಕಳು ಅಟ್ಟದ ಮೇಲಿದ್ದ ಒಂದು ತಗಡಿನ ಡಬ್ಬಿಯನ್ನು ನನಗೆ ತಂದುಕೊಟ್ಟರು. ಮುಚ್ಚಳ ತೆಗೆದರೆ ಮೂಗಿಗೆ ಬಡಿಯುವಂತೆ ಹುಳಿಯ ವಾಸನೆ. ಒಳಗಿನ ಸುರುಳಿಯು ಬೆಲ್ಲದ ಅಚ್ಚಿನಂತೆ ಒಂದೇ ಗಟ್ಟಿಯಾಗಿದ್ದಿತು. ಹೊರಗಿನ ಸುತ್ತಿನಲ್ಲಿ ಗೇಣುದ್ದ ಮಾತ್ರ ಬಿಡಿಸಿಕೊಂಡು ಬಂದಿತು. ಕಿಟಕಿಯ ಬೆಳಕಿಗೆ ಹಿಡಿದರೆ, ಕೊಡವನ್ನು ಹೊತ್ತ ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ ಮೆಟ್ಟಿಲಿಳಿಯುತ್ತಿದ್ದಾಳೆ. ಹೆಸರಿಲ್ಲ, ಮುಖವಿಲ್ಲ. ಪರಿಚಯದ ವೃದ್ಧರಿಗೆಲ್ಲ ಅದನ್ನು ತೋರಿಸಿದ್ದೇನೆ. ಒಬ್ಬೊಬ್ಬರೂ ಒಂದೊಂದು ಚಿತ್ರದ ಹೆಸರನ್ನು ಹೇಳಿದರು. ಒಬ್ಬರು ಅದರ ಹಾಡನ್ನೂ ಹಾಡಿ ತೋರಿಸಿದರು. ಸಂಘದ ಸದಸ್ಯರಲ್ಲಿ ಯಾರ ಮನೆಯಲ್ಲಿಯಾದರೂ ಇಂತಹ ಡಬ್ಬಿಯೋ, ಹಳೆಯ ಹಾಡಿನ ಪುಸ್ತಕವೋ, ಕರಪತ್ರವೋ ಇದ್ದಲ್ಲಿ ಅಟ್ಟದಿಂದ ಇಳಿಸಿ ತಣ್ಣಗಿರುವ ಜಾಗದಲ್ಲಿಟ್ಟು, ದೀಪದ ಹತ್ತಿರಕ್ಕೆ ಒಯ್ಯದೆ, ನನಗೊಂದು ಕಾಗದವನ್ನು ಬರೆಯಬೇಕಾಗಿ ಕೋರುತ್ತೇನೆ. ಆ ಗೇಣುದ್ದದ ತುಂಡು ಸಂಘದ ವಾಚನಾಲಯದ ಬೀರುವಿನಲ್ಲಿದೆ. ಕೇಳಿದವರಿಗೆ ಗ್ರಂಥಪಾಲಕರು ತೋರಿಸುವರು.